ನಮ್ಮ ಬೀದಿಯಲ್ಲಿ ಕೆಲಸವಿಲ್ಲದ ವಾಹನಗಳು

ಮಲ್ಲೇಶ್ವರದಲ್ಲಿ ನಾವಿರುವ ಅಡ್ಡರಸ್ತೆಯಲ್ಲಿ ಬೆಳಗ್ಗೆ ಎಂಟೂವರೆಯ ಹೊತ್ತಿಗೆ ವಾಹನಗಳ ಸಾಲು ಶುರುವಾಗುತ್ತದೆ. ಹತ್ತು ಗಂಟೆ ದಾಟುವವರೆಗೂ ಅದು ಕರಗುವುದಿಲ್ಲ. ಗೇಟಿನ ಬಳಿ ಪೇಪರ್ ಹಿಡಿದು ನಿಂತು ಈ ಸಾಲನ್ನು ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ. ನೋಡುತ್ತ ನೋಡುತ್ತ ನನ್ನನ್ನು ಕಾಡತೊಡಗಿದ ಸಂಗತಿಯೆಂದರೆ, ಇವರಲ್ಲಿ ಬಹುಪಾಲು ಮಂದಿಗೆ ನಮ್ಮ ಬೀದಿಯಲ್ಲಿ ಯಾವ ಕೆಲಸವೂ ಇಲ್ಲ ಎಂಬುದು. ಅವರು ಯಾರ ಮನೆಗೂ ಬಂದವರಲ್ಲ, ಮೂಲೆಯಂಗಡಿಯಲ್ಲಿ ಹಾಲು ಕೊಳ್ಳಲು ನಿಂತವರಲ್ಲ, ಮಗುವನ್ನು ಶಾಲೆಗೆ ಬಿಡಲು ಬಂದವರೂ ಅಲ್ಲ. ಮುಖ್ಯರಸ್ತೆಯ ಸಿಗ್ನಲ್ಲಿನಲ್ಲಿ ಕಾಯಬೇಕಾದ ಎರಡು ನಿಮಿಷವನ್ನು ಉಳಿಸಿಕೊಡುತ್ತೇನೆಂದು ಫೋನಿನೊಳಗಿನ ನಕ್ಷೆ ಅವರನ್ನು ಈ ಕಡೆ ತಿರುಗಿಸಿದೆ. ಆ ಎರಡು ನಿಮಿಷಕ್ಕೆ ಬೆಲೆ ತೆರುವವರು ಬೇರೆಯವರು: ನಿಂತ ಕಾರಿಗೂ ಓಡುವ ಕಾರಿಗೂ ನಡುವೆ ಮೈ ಹಿಡಿ ಮಾಡಿಕೊಂಡು ನಡೆಯುವ ಶಾಲೆಯ ಮಕ್ಕಳು, ತಳ್ಳುಗಾಡಿಯನ್ನು ಕಾಂಪೌಂಡಿಗೆ ಒತ್ತಿಕೊಂಡು ನಿಲ್ಲುವ ಸೊಪ್ಪಿನವರು, ವಾಕಿಂಗ್ ಮುಗಿಸಿ ಬರುವಾಗ ಬೆನ್ನ ಹಿಂದಿನ ಹಾರ್ನಿಗೆ ಬೆಚ್ಚುವ ಹಿರಿಯರು.

ಕೆಲಸವಿದ್ದವರು ಬರಲಿ, ಹಾದುಹೋಗುವವರು ಮುಖ್ಯರಸ್ತೆಯಲ್ಲೇ ಹೋಗಲಿ ಎನ್ನುವುದು ಕೇಳುವುದಕ್ಕೆ ಸರಳವಾದ ಮಾತು. ಆದರೆ ನಮ್ಮೂರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿದರೆ "ರಸ್ತೆ ನಿಮ್ಮಪ್ಪಂದಾ?" ಎಂಬ ಉತ್ತರ ತಕ್ಷಣ ಬರುತ್ತದೆ. ಒರಟು ಎನಿಸಿದರೂ ಅದು ತಳ್ಳಿಹಾಕಬಹುದಾದ ಪ್ರಶ್ನೆಯಲ್ಲ. ಸಾರ್ವಜನಿಕ ರಸ್ತೆಗೆ ಗೇಟು ಹಾಕಿ, ವಾಚ್‌ಮನ್ ಕೂರಿಸಿ, ಒಳಗಿನವರು ಹೊರಗಿನವರು ಎಂದು ವಿಂಗಡಿಸುವ ಬಡಾವಣೆಗಳನ್ನು ನಾವು ಕಂಡಿದ್ದೇವೆ, ಅಂಥದ್ದನ್ನು ನಾನು ಸಮರ್ಥಿಸಲಾರೆ. ಗೇಟಿಲ್ಲದೆ, ಯಾರನ್ನೂ ಹೊರಗಿಡದೆ, ಬೀದಿಯ ಸದ್ದನ್ನು ಮಾತ್ರ ಇಳಿಸಲು ಸಾಧ್ಯವೇ? ಆ ಪ್ರಶ್ನೆಗೆ ಒಂದು ಊರು ಕೊಟ್ಟ ಉತ್ತರವನ್ನು ನಾನು ಕೆಲವು ವರ್ಷ ಹತ್ತಿರದಿಂದ ನೋಡಿದ್ದೇನೆ. ಆ ಉತ್ತರದಲ್ಲಿ ನಮಗೆ ಒದಗುವುದು ಯಾವುದು, ಒದಗದಿರುವುದು ಯಾವುದು ಎಂದು ಯೋಚಿಸುವುದಕ್ಕೆ ಈ ಬರಹ.

ಕ್ಲಿಂಟನ್ ಬೀದಿ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಕನ್ನಡದವರು ಹೆಚ್ಚಾಗಿ ಊರಿನ ಪಶ್ಚಿಮಕ್ಕೆ, ಬೀವರ್ಟನ್ ಮತ್ತು ಹಿಲ್ಸ್‌ಬರೋ ಕಡೆಗೆ, ಚಿಪ್ ಕಾರ್ಖಾನೆಗಳ ಸುತ್ತ ನೆಲೆಸಿರುತ್ತಾರೆ. ಉಗಾದಿ, ರಾಜ್ಯೋತ್ಸವಗಳೆಲ್ಲ ಅಲ್ಲೇ. ನಾವು ಮಾತ್ರ ನದಿಯ ಈಚೆಗೆ, ಆಗ್ನೇಯ ಭಾಗದ ಹಳೆಯ ಮರದ ಮನೆಗಳ ನಡುವೆ ಬಾಡಿಗೆಗೆ ಇದ್ದೆವು. ಕಾರಿಲ್ಲದೆ ಸಂಸಾರ ನಡೆಸುತ್ತೇವೆಂದು ಹೇಳಿದಾಗ ಹಿಲ್ಸ್‌ಬರೋದ ಗೆಳೆಯರು ನಮ್ಮ ಬಗ್ಗೆ ಮರುಕಪಟ್ಟಿದ್ದುಂಟು. ನಮ್ಮ ಮನೆಯಿಂದ ಒಂದೆರಡು ತಿರುವಿನಲ್ಲಿ ಕ್ಲಿಂಟನ್ ಬೀದಿ. ಅದು ಆ ಊರಿನವರು ಗ್ರೀನ್‌ವೇ ಎಂದು ಕರೆಯುವ ಬೀದಿಗಳಲ್ಲಿ ಒಂದು.

ಗ್ರೀನ್‌ವೇ ಎಂದ ಕೂಡಲೇ ಉದ್ಯಾನವೋ ಮರಗಳ ನಡುವಿನ ಕಾಲುದಾರಿಯೋ ಇರಬೇಕೆಂದುಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ಅದು ಸಾಮಾನ್ಯ ಮನೆಬೀದಿ. ಎರಡೂ ಕಡೆ ಕಾರುಗಳು ನಿಂತಿರುತ್ತವೆ, ಕಸದ ಲಾರಿ ಬರುತ್ತದೆ, ಕೊರಿಯರ್ ವ್ಯಾನು ಬರುತ್ತದೆ. ಪ್ರತ್ಯೇಕ ಸೈಕಲ್ ಪಥವಿಲ್ಲ. ಸೈಕಲ್ಲಿಗೂ ಕಾರಿಗೂ ಒಂದೇ ಡಾಂಬರು. ವ್ಯತ್ಯಾಸವಿರುವುದು ಸಣ್ಣ ಸಣ್ಣ ಸಂಗತಿಗಳಲ್ಲಿ. ರಸ್ತೆಯ ಮೇಲೆ ಬಿಳಿ ಬಣ್ಣದ ಸೈಕಲ್ ಚಿತ್ರ, ಅಲ್ಲಲ್ಲಿ ಅಗಲವಾದ ಹಂಪ್, ಗಂಟೆಗೆ 20 ಮೈಲಿ, ಎಂದರೆ ಸುಮಾರು 32 ಕಿ.ಮೀ. ಮೀರಬಾರದೆಂಬ ಫಲಕ. ಕೆಲವು ಬೀದಿಗಳ ಮೂಲೆಗಳಲ್ಲಿ ಫುಟ್‌ಪಾತನ್ನು ರಸ್ತೆಯೊಳಕ್ಕೆ ಚಾಚಿ, ಅಲ್ಲಿ ಮಳೆನೀರು ಇಂಗುವ ಪಾತಿ ಮಾಡಿ ಜೊಂಡುಗಿಡ ನೆಟ್ಟಿರುತ್ತಾರೆ. ಆ ಭಾಗದಲ್ಲಿ ಚರಂಡಿಯೂ ಮಳೆನೀರೂ ಒಂದೇ ಹಳೆಯ ಕೊಳವೆಯಲ್ಲಿ ಹರಿಯುತ್ತಿದ್ದು, ಜೋರು ಮಳೆಗೆ ಅದು ಉಕ್ಕಿ ನೆಲಮಾಳಿಗೆಗಳಿಗೆ ನುಗ್ಗುತ್ತಿತ್ತು. ಹೀಗಾಗಿ ಕೊಳಚೆನೀರಿನ ಇಲಾಖೆಯ ಕೆಲಸವೂ ಬೀದಿಯ ಕೆಲಸವೂ ಹಲವೆಡೆ ಜೊತೆಗೂಡಿದವು. ನೀರು ಇಂಗಲೆಂದು ಮಾಡಿದ ಆ ಪಾತಿ, ದಾಟುವವರು ನಡೆಯಬೇಕಾದ ದೂರವನ್ನೂ ಕಡಿಮೆ ಮಾಡಿತು, ತಿರುವಿನಲ್ಲಿ ಕಾರಿನ ವೇಗವನ್ನೂ ಇಳಿಸಿತು. ಒಂದೇ ಖರ್ಚಿನಲ್ಲಿ ಮೂರು ಲಾಭ ಕಂಡ ಲೆಕ್ಕಾಚಾರ ಅದು.

ಇದೆಲ್ಲ ಆ ಊರಿನಲ್ಲೇ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ 1982ರ ಸುಮಾರಿಗೆ ಬ್ರಯಂಟ್ ಎಂಬ ಬೀದಿಯನ್ನು ಸೈಕಲ್ಲುಗಳಿಗೆ ಮೊದಲ ಆದ್ಯತೆಯ ಬೀದಿಯಾಗಿ ಮಾಡಿದರು. ಅದೇ ದಶಕದಲ್ಲಿ ಪೋರ್ಟ್‌ಲ್ಯಾಂಡ್ ಅದನ್ನು ಕೈಗೆತ್ತಿಕೊಂಡು, 2010ರ ಹೊತ್ತಿಗೆ ನಡೆಯುವವರನ್ನೂ ಮಳೆನೀರನ್ನೂ ಸೇರಿಸಿಕೊಂಡು ಗ್ರೀನ್‌ವೇ ಎಂಬ ಹೊಸ ಹೆಸರಿನಲ್ಲಿ ಊರಿಡೀ ಹರಡಿತು. ಈಗ ಅಂಥ ಬೀದಿಗಳ ಒಟ್ಟು ಉದ್ದ 100 ಮೈಲಿ ದಾಟಿದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅವರು ಬೀದಿಗೆ ಇಟ್ಟುಕೊಂಡ ಒಂದು ಅಳತೆ. ಗ್ರೀನ್‌ವೇ ಎನಿಸಿಕೊಂಡ ಬೀದಿಯಲ್ಲಿ ದಿನಕ್ಕೆ ಸುಮಾರು 1000 ಮೋಟಾರು ವಾಹನಗಳಿಗಿಂತ ಹೆಚ್ಚು ಓಡಬಾರದು. 2000 ಕೊನೆಯ ಮಿತಿ. ನಮ್ಮಲ್ಲಿ ರಸ್ತೆಯ ಗುಣವನ್ನು ಅಳೆಯುವುದು ಎಷ್ಟು ವಾಹನಗಳನ್ನು ಸಾಗಿಸಿತು ಎಂಬುದರಿಂದ. ಹೆಚ್ಚು ಸಾಗಿಸಿದ ರಸ್ತೆ ನಾಪಾಸಾಗುತ್ತದೆ ಎಂಬ ಅಳತೆಯೂ ಒಂದು ಇರಬಹುದೆಂದು ನನಗೆ ಅದಕ್ಕೆ ಮುಂಚೆ ಹೊಳೆದೇ ಇರಲಿಲ್ಲ. ಈ ಸಂಖ್ಯೆಗಳ ಹಿಂದೆ ತರ್ಕವಿದೆ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸದ ಪ್ರಾಧ್ಯಾಪಕ 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದೇ ತೆರನಾದ ಬೀದಿಗಳನ್ನು ಹೋಲಿಸಿ ನೋಡಿದ್ದರು. ದಿನಕ್ಕೆ ಸುಮಾರು 2000 ವಾಹನ ಓಡುವ ಬೀದಿಯವರಿಗೆ ಅದೇ ಬೀದಿಯಲ್ಲಿದ್ದ ಸ್ನೇಹಿತರ ಸಂಖ್ಯೆ, 16,000 ವಾಹನ ಓಡುವ ಬೀದಿಯವರಿಗಿಂತ ಮೂರು ಪಟ್ಟಿತ್ತು. ಆ ಪ್ರಾಧ್ಯಾಪಕರು 1982ರಲ್ಲಿ ಅಥೆನ್ಸಿನಲ್ಲಿ ವೇಗವಾಗಿ ಬಂದ ಕಾರಿಗೆ ಸಿಕ್ಕಿ ತೀರಿಕೊಂಡರು.

ತಡೆ ಬರುವ ಮುಂಚೆ, ಬಂದ ಮೇಲೆ

ಕ್ಲಿಂಟನ್ ಬೀದಿ ಹಳೆಯ ಸೈಕಲ್ ಬೀದಿ. ಆದರೂ ನಾವು ಅಲ್ಲಿಗೆ ಹೋದ ಹೊಸದರಲ್ಲಿ ಅದು ಕೆಡುತ್ತ ಬಂದಿತ್ತು. ಕಾರಣವಿದ್ದದ್ದು ಅದಕ್ಕೆ ಸಮಾನಾಂತರವಾಗಿ ಪಕ್ಕದಲ್ಲೇ ಹಾದುಹೋಗುವ ಡಿವಿಷನ್ ಬೀದಿಯಲ್ಲಿ. ಅಲ್ಲಿ ಒಂದರ ಹಿಂದೊಂದು ಅಪಾರ್ಟ್‌ಮೆಂಟುಗಳೂ ಹೋಟೆಲುಗಳೂ ಎದ್ದವು. ರಸ್ತೆಯನ್ನು ಹೊಸದಾಗಿ ಕಟ್ಟುವಾಗ ಬೆಳಗ್ಗೆ ಸಂಜೆ ಹೆಚ್ಚುವರಿಯಾಗಿ ಬಿಡುತ್ತಿದ್ದ ಲೇನುಗಳನ್ನು ತೆಗೆದರು. ಅಲ್ಲಿ ನಿಂತು ಬೇಸತ್ತ ಕಾರುಗಳು ಕ್ಲಿಂಟನ್ನಿಗೆ ಹೊರಳಿದವು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗ್ರೀನ್‌ವೇಯಲ್ಲಿ ಸೈಕಲ್ ತುಳಿಯುವವರು ಪ್ರತಿ ಮೂಲೆಯಲ್ಲೂ ಕಾಲೂರಿ ನಿಲ್ಲಬೇಕಾಗಬಾರದೆಂದು, ಸ್ಟಾಪ್ ಫಲಕಗಳನ್ನು ಅಡ್ಡ ಬರುವ ಬೀದಿಗಳ ಕಡೆಗೆ ತಿರುಗಿಸಿರುತ್ತಾರೆ. ತಡೆಯಿಲ್ಲದ ಆ ನೇರ ದಾರಿ ಕಾರಿನವರಿಗೂ ಅಷ್ಟೇ ಅನುಕೂಲ. ಸೈಕಲ್ಲಿಗೆಂದು ಹದಗೊಳಿಸಿದ ಬೀದಿಯೇ ಕಾರಿಗೂ ಒಳ್ಳೆಯ ಒಳದಾರಿಯಾಗಿಬಿಡುತ್ತದೆ. ಹಂಪು, ಫಲಕ, ಬಿಳಿ ಚಿತ್ರ ಯಾವುವೂ ಇದನ್ನು ತಡೆಯಲಿಲ್ಲ.

ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು, ಸದಾ ಜಿನುಗುವ ಮಳೆ. ಕೆಲಸ ಮುಗಿಸಿ ಮಗಳನ್ನು ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುವಾಗ ಬೆನ್ನಿಗೆ ಹತ್ತಿಕೊಂಡಂತೆ ಒಂದು ಕಾರಿನ ದೀಪ ಇರುತ್ತಿತ್ತು. ಚಾಲಕ ಹಾರ್ನ್ ಹಾಕುತ್ತಿರಲಿಲ್ಲ, ಅಲ್ಲಿ ಅದು ಅಸಭ್ಯತೆ. ಆದರೆ ಎಂಜಿನ್ನಿನ ಸದ್ದೇ ಎಲ್ಲವನ್ನೂ ಹೇಳುತ್ತಿತ್ತು. ನಿಂತ ಕಾರುಗಳ ನಡುವೆ ತೆರಪು ಸಿಕ್ಕ ಕೂಡಲೇ ನಾನು ಒತ್ತಿಗೆ ಸರಿಯುವುದು, ಅವನು ಒಮ್ಮೆಲೇ ಮುಂದಕ್ಕೆ ನುಗ್ಗುವುದು, ಮುಂದಿನ ಹಂಪಿನಲ್ಲಿ ಮತ್ತೆ ನಾನು ಅವನ ಹಿಂದೆ ಸೇರುವುದು, ಇದೇ ನಡೆಯುತ್ತಿತ್ತು. "ಅಪ್ಪಾ, ಆ ಅಂಕಲ್‌ಗೆ ಕೋಪ ಬಂದಿದೆಯಾ?" ಎಂದು ಮಗಳು ಕೇಳುತ್ತಿದ್ದಳು. ಸೈಕಲ್ ಸವಾರರು ಬೀದಿಯುದ್ದಕ್ಕೂ ಗುಂಪುಗುಂಪಾಗಿ ಸೈಕಲ್ ತುಳಿದು ಪ್ರತಿಭಟಿಸಿದರು, ಸಭೆಗಳಾದವು, ನಗರಾಡಳಿತ ವಾಹನಗಳನ್ನು ಎಣಿಸಿತು.

2016ರ ಆರಂಭದಲ್ಲಿ ಕ್ಲಿಂಟನ್ನಿನ ಮೇಲೆ ಡೈವರ್ಟರುಗಳು ಬಂದವು. ಹೆಸರು ದೊಡ್ಡದು, ವಸ್ತು ಸಣ್ಣದು. ಮೊದಲಿಗೆ ತಾತ್ಕಾಲಿಕವಾಗಿ ಕೂಡುರಸ್ತೆಯಲ್ಲಿ ಅಡ್ಡಡ್ಡ ಇಟ್ಟ ತಡೆ, ನಡುನಡುವೆ ಸೈಕಲ್ ಹಾಯುವಷ್ಟು ತೆರಪು, ಕಾರು ತಿರುಗಲೇಬೇಕು, ಸೈಕಲ್ ನೇರ ಹೋಗಬಹುದು ಎಂಬ ಫಲಕ. ಅಷ್ಟೇ. ಬೀದಿಯಲ್ಲಿನ ಯಾವ ಮನೆಗೂ ಕಾರಿನಲ್ಲಿ ಹೋಗಲು ಅಡ್ಡಿಯಿರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಾದುಹೋಗಲು ಮಾತ್ರ ಆಗುತ್ತಿರಲಿಲ್ಲ. ನಡೆಯುವವರಿಗೆ, ಸೈಕಲ್ಲಿನವರಿಗೆ ಬೀದಿ ಮೊದಲಿನಂತೆಯೇ ಅಖಂಡವಾಗಿ ಉಳಿಯಿತು. ಮೊದಲ ವಾರಗಳಲ್ಲಿ ಕಾರುಗಳು ತಡೆಯವರೆಗೆ ಬಂದು, ಅರೆಕ್ಷಣ ನಿಂತು, ಬಲಕ್ಕೆ ಹೊರಳುವುದನ್ನು ನೋಡುತ್ತಿದ್ದೆ. ಕೆಲವರು ತೆರಪಿನಲ್ಲೇ ತೂರಿಸಲು ನೋಡಿದರು. ಪಕ್ಕದ ಬೀದಿಯವರು ಆ ಕಾರುಗಳೆಲ್ಲ ತಮ್ಮ ಮನೆಯ ಮುಂದೆ ಬರುತ್ತವೆಂದು ಸಿಟ್ಟಾದರು. ಆ ಸಿಟ್ಟಿಗೆ ಬೆಲೆ ಕೊಟ್ಟು ಅಕ್ಕಪಕ್ಕದ ಬೀದಿಗಳಲ್ಲೂ ವಾಹನಗಳನ್ನು ಎಣಿಸಿದರು. ಹೊರಳುವ ದಾರಿ ಉದ್ದವಾದಾಗ ಒಳದಾರಿಯ ಆಸೆಯೇ ಕಡಿಮೆಯಾಗುತ್ತದೆ ಎಂಬುದು ಈ ಏರ್ಪಾಡಿನ ನಂಬಿಕೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಮಗಳ ಆ ಪ್ರಶ್ನೆ ನಿಂತಿತು.

ಕ್ಲಿಂಟನ್ನಿನ ಈ ಜಗಳಕ್ಕೆ ಹಳೆಯ ಬೇರೂ ಇತ್ತು. 1970ರ ದಶಕದಲ್ಲಿ ಇದೇ ಪ್ರದೇಶವನ್ನು ಸೀಳಿಕೊಂಡು ಮೌಂಟ್ ಹುಡ್ ಫ್ರೀವೇ ಎಂಬ ಹೆದ್ದಾರಿ ಬರುವುದಿತ್ತು. ಅದಕ್ಕಾಗಿ ಮನೆಗಳನ್ನು ಕೊಂಡಿದ್ದೂ ಆಗಿತ್ತು. ಜನ ಎದುರು ನಿಂತರು, 1974ರಲ್ಲಿ ಯೋಜನೆ ಬಿದ್ದುಹೋಯಿತು. ಅದಕ್ಕೆ ಮೀಸಲಾಗಿದ್ದ ಹಣದಲ್ಲಿ ಒಂದು ಭಾಗ 1986ರಲ್ಲಿ ಓಡತೊಡಗಿದ ಲಘು ರೈಲಿಗೆ ಹೋಯಿತು. ಹೆದ್ದಾರಿಗೆಂದು ಕೊಂಡ ಜಾಗದಲ್ಲಿ ಉಳಿದ ಒಂದು ತುಂಡು ಈಗ ಪಿಕಲೋ ಪಾರ್ಕ್ ಎಂಬ ಪುಟ್ಟ ಉದ್ಯಾನ. ಮಗಳು ಅಲ್ಲೇ ಜಾರುಬಂಡೆ ಆಡಿ ಬೆಳೆದಳು. ಆ ಬೀದಿಗಳ ಶಾಂತಿ ತಾನಾಗಿ ಉಳಿದದ್ದಲ್ಲ, ಎರಡು ಸಲ ಜಗಳವಾಡಿ ಉಳಿಸಿಕೊಂಡದ್ದು.

ಹಾಗೆಂದು ಪೋರ್ಟ್‌ಲ್ಯಾಂಡನ್ನು ಸ್ವರ್ಗವೆಂದು ನಾನು ಹೇಳುವುದಿಲ್ಲ. ಅಲ್ಲಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರ ಪ್ರಮಾಣ 2014ರಲ್ಲಿ ಶೇ. 7ರಷ್ಟಿದ್ದದ್ದು 2021ಕ್ಕೆ ಶೇ. 3ಕ್ಕಿಂತ ಕೆಳಗಿಳಿಯಿತು. ಕೋವಿಡ್ಡಿನಿಂದಾಗಿ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಿದ್ದು ಒಂದು ಕಾರಣವಾದರೂ ಇಳಿಕೆ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಸೈಕಲ್ಲಿನವರನ್ನು ಒಳಬೀದಿಗೆ ಅಟ್ಟಿ, ಅಂಗಡಿ ಹೋಟೆಲುಗಳಿರುವ ಮುಖ್ಯರಸ್ತೆಯನ್ನು ಕಾರಿಗೇ ಬಿಟ್ಟುಕೊಟ್ಟಿದ್ದೀರಿ ಎಂಬ ಟೀಕೆಯೂ ಅಲ್ಲಿದೆ, ಅದರಲ್ಲಿ ಸತ್ಯವಿದೆ. ಊಟಕ್ಕೆಂದು ಡಿವಿಷನ್ನಿಗೆ ಹೋಗಬೇಕಾದಾಗ ಕೊನೆಯ ಒಂದು ಬ್ಲಾಕನ್ನು ನಾವು ಸೈಕಲ್ ತಳ್ಳಿಕೊಂಡೇ ಹೋಗುತ್ತಿದ್ದೆವು.

ದಾಟುವ ಜಾಗ

ಈಗ ಮಲ್ಲೇಶ್ವರಕ್ಕೆ ಬರುತ್ತೇನೆ. ಪೋರ್ಟ್‌ಲ್ಯಾಂಡಿನ ಗ್ರೀನ್‌ವೇ ಸಾಧ್ಯವಾದದ್ದೇ ಅಲ್ಲಿನ ಬ್ಲಾಕುಗಳು ಚಿಕ್ಕವು ಎಂಬ ಕಾರಣಕ್ಕೆ. ಊರಿನ ನಡುಭಾಗದಲ್ಲಿ ಒಂದೊಂದು ಬ್ಲಾಕು 200 ಅಡಿ. ಕಾರನ್ನು ಒಂದು ಬೀದಿಯಿಂದ ತಿರುಗಿಸಿದರೆ ಅದಕ್ಕೆ ಬೇರೆ ದಾರಿ ಇದ್ದೇ ಇದೆ. ಪ್ಲೇಗಿನ ಕಾಲದಲ್ಲಿ, 1898ರ ಆಸುಪಾಸಿನಲ್ಲಿ, ಗಾಳಿ ಬೆಳಕು ಬೇಕೆಂದು ಚೌಕುಳಿಯಾಗಿ ಹಾಕಿದ ನಮ್ಮ ಬಡಾವಣೆಗೂ ಅದೇ ಗುಣವಿದೆ. ಮೇನುಗಳು, ಕ್ರಾಸುಗಳು, ಅವುಗಳ ನಡುವೆ ಮನೆಗಳ ಬೆನ್ನಿಗೆ ಬೆನ್ನಾಗಿ ಹಾಯುವ ಕನ್ಸರ್ವೆನ್ಸಿ ಗಲ್ಲಿಗಳು. ಬಸವನಗುಡಿಯಲ್ಲೂ ಇವು ಇವೆ. ಈ ಗಲ್ಲಿಗಳು ಏತಕ್ಕಾಗಿ ಹುಟ್ಟಿದವೆಂಬುದನ್ನು ಇಂದು ಅವುಗಳ ಗೋಡೆಗೆ ಚಿತ್ರ ಬರೆಯುವ ಉತ್ಸಾಹದಲ್ಲಿ ನಾವು ಮರೆಯಬಾರದು. ಮಲ ಹೊರುವವರು ಮನೆಯ ಮುಂಬಾಗಿಲಿಗೆ ಕಾಣಿಸದಂತೆ ಹಿಂದಿನಿಂದಲೇ ಬಂದು ಹೋಗಲಿ ಎಂದು ಮಾಡಿದ ದಾರಿಗಳವು. ಜಾತಿಯನ್ನು ನಕ್ಷೆಯಲ್ಲಿ ಬರೆದಿಟ್ಟ ಗಲ್ಲಿಗಳಲ್ಲಿ ಇಂದು ಕಸದ ಗುಡ್ಡೆಯೋ ನಿಲ್ಲಿಸಿಟ್ಟ ಸ್ಕೂಟರೋ ತುಂಬಿದೆ. ಕೆಲವು ಕಡೆ ನೆಲ ಹಾಸಿ, ಬಣ್ಣ ಬಳಿದು, ನಡೆಯುವ ದಾರಿ ಮಾಡಿದ್ದಾರೆ. ಒಳ್ಳೆಯದೇ. ಹಿತ್ತಿಲ ಗಲ್ಲಿಯಲ್ಲಿ ಎಲ್ಲರೂ ನಡೆದಾಡುವಂತಾದರೆ ಅದರ ಹಳೆಯ ಅರ್ಥ ಸ್ವಲ್ಪವಾದರೂ ಸವೆಯಬಹುದು.

ಹಾಗಾದರೆ ಶಾಂತವಾದ ಬೀದಿಗಳ ಕೊರತೆ ನಮಗಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮಲ್ಲೇಶ್ವರದ ಕ್ರಾಸುಗಳಲ್ಲಿ ಓಡಾಡಿ ನೋಡಿ: ಹೊಂಗೆಮರದ ನೆರಳು, ಇಟ್ಟಿಗೆಯ ವಿಕೆಟ್ ನೆಟ್ಟು ಆಡುವ ಹುಡುಗರು. ತುಂಡುತುಂಡಾಗಿ ಎಲ್ಲವೂ ಇದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು ಮಾತ್ರ ಆಗುವುದಿಲ್ಲ, ನಡುವೆ ಮುಖ್ಯರಸ್ತೆ ಅಡ್ಡ ಬರುತ್ತದೆ.

ನಮ್ಮ ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ. ಸೋಮವಾರ ಕಾಡುಮಲ್ಲೇಶ್ವರನ ದರ್ಶನ ತಪ್ಪಿಸುವವರಲ್ಲ. ಮನೆಯಿಂದ ದೇವಸ್ಥಾನ ಹತ್ತು ನಿಮಿಷದ ನಡಿಗೆ, ಹೆಚ್ಚಿನ ದಾರಿ ಒಳಬೀದಿಗಳಲ್ಲೇ. ನಡುವೆ ಮಾರ್ಗೋಸಾ ರಸ್ತೆ ಸಿಗುತ್ತದೆ. ಅದು ಒನ್‌ವೇ. ಎದುರಿನಿಂದ ಬರುವವರಿಲ್ಲವೆಂಬ ಧೈರ್ಯಕ್ಕೆ ವಾಹನಗಳು ಇನ್ನೂ ಜೋರಾಗಿ ಬರುತ್ತವೆ. ಒಂದು ಸೋಮವಾರ ನಾನೂ ಜೊತೆಗಿದ್ದೆ. ಅವರು ಫುಟ್‌ಪಾತಿನ ಅಂಚಿಗೆ ಬಂದು, ಹೂವು ಹಣ್ಣಿನ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತರು. ಬಸ್ಸು ಹೋಯಿತು, ಅದರ ಹಿಂದೆ ಸ್ಕೂಟರುಗಳ ಹಿಂಡು, ಅದರ ಹಿಂದೆ ಕಾರು. ಒಂದು ಹೆಜ್ಜೆ ಇಟ್ಟರು, ಒಬ್ಬ ಹುಡುಗ ಬೈಕಿನಲ್ಲಿ ಅವರ ಮುಂದೆಯೇ ಬಳುಕಿಕೊಂಡು ಹೋದ, ಹೆಜ್ಜೆ ಹಿಂದಕ್ಕೆ ಬಂತು. "ಇದೊಂದು ದಾಟಿಸಿಬಿಡಪ್ಪ, ಮಿಕ್ಕಿದ್ದು ನಾನೇ ಹೋಗ್ತೀನಿ" ಎಂದರು. ಈಗ ಅವರು ಆಟೋದಲ್ಲಿ ಹೋಗುತ್ತಾರೆ. ಅಷ್ಟು ಹತ್ತಿರಕ್ಕೆ ಬರಲು ಆಟೋದವರು ಒಪ್ಪುವುದಿಲ್ಲ, ಅದಕ್ಕಾಗಿ ಮೀಟರಿನ ಮೇಲೆ ಕೊಡಬೇಕು. ನಡೆಯಬಲ್ಲ ಒಬ್ಬರು ಒಂದು ರಸ್ತೆಯನ್ನು ದಾಟಲಾರದ್ದಕ್ಕೆ ಆ ರಸ್ತೆಯಲ್ಲಿ ಇನ್ನೊಂದು ವಾಹನ ಹೆಚ್ಚಾಯಿತು.

ಪೋರ್ಟ್‌ಲ್ಯಾಂಡಿನಲ್ಲಿ ಗ್ರೀನ್‌ವೇಯ ನಿಜವಾದ ಖರ್ಚು ಬೀಳುವುದು ಇಂಥ ಕಡೆಯಲ್ಲೇ. ಬಣ್ಣ, ಫಲಕ, ಹಂಪುಗಳು ಅಗ್ಗ. 41ನೇ ಅವೆನ್ಯೂ ಬರ್ನ್‌ಸೈಡ್ ಎಂಬ ದೊಡ್ಡ ರಸ್ತೆಯನ್ನು ದಾಟುವಲ್ಲಿ ನಡೆಯುವವರೂ ಸೈಕಲ್ಲಿನವರೂ ಗುಂಡಿ ಒತ್ತಿದಾಗ ಮಾತ್ರ ಕೆಂಪಾಗುವ ಸಿಗ್ನಲ್ ಇದೆ. ಗೋಯಿಂಗ್ ಎಂಬ ಬೀದಿ ಮಾರ್ಟಿನ್ ಲೂಥರ್ ಕಿಂಗ್ ಬುಲೆವಾರ್ಡನ್ನು ದಾಟುವಲ್ಲಿ ರಸ್ತೆಯ ನಡುವೆ ಕಟ್ಟೆಯೊಂದಿದೆ. ಅರ್ಧ ದಾಟಿ ಅಲ್ಲಿ ನಿಂತು, ಉಸಿರು ಬಿಟ್ಟು, ಉಳಿದರ್ಧ ದಾಟಬಹುದು. ಅದೇ ಕಟ್ಟೆ ಕಾರುಗಳು ಒಳಬೀದಿಯಿಂದ ಒಳಬೀದಿಗೆ ನೇರವಾಗಿ ಹಾಯದಂತೆಯೂ ತಡೆಯುತ್ತದೆ. 2015ರಲ್ಲಿ ತೆರೆದ ಟಿಲಿಕಮ್ ಕ್ರಾಸಿಂಗ್ ಎಂಬ ಸೇತುವೆಯ ಮೇಲೆ ಖಾಸಗಿ ಕಾರುಗಳಿಗೆ ಪ್ರವೇಶವೇ ಇಲ್ಲ. ರೈಲು, ಬಸ್ಸು, ಸೈಕಲ್ಲು, ಕಾಲುನಡಿಗೆಯವರು ಮಾತ್ರ. ಕ್ಲಿಂಟನ್ನಿನಿಂದ ಹೊರಟು ಅದರ ಮೇಲೆ ನದಿ ದಾಟಿ ಊರೊಳಗೆ ಸೇರಬಹುದಿತ್ತು. ಒಳಬೀದಿಗಳು ಮಣಿಗಳಾದರೆ ಈ ದಾಟುವ ಜಾಗಗಳು ದಾರ. ನಮ್ಮಲ್ಲಿ ಮಣಿಗಳನ್ನು ಮತ್ತೆ ಮತ್ತೆ ಉಜ್ಜುತ್ತಾರೆ, ದಾರದ ವಿಷಯ ಎತ್ತುವವರಿಲ್ಲ.

ಬೆಂಗಳೂರಿನಲ್ಲಿ ಪ್ರಯತ್ನಗಳೇ ನಡೆದಿಲ್ಲವೆಂದರೆ ಅನ್ಯಾಯವಾಗುತ್ತದೆ. 2018ರಲ್ಲಿ ಕಲ್ಲು ಹಾಸಿಕೊಂಡು ಹೊಸದಾದ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳಿಗೆ ಮುಚ್ಚಿದರು, ಜನ ಸಂತೋಷವಾಗಿ ನಡೆದಾಡಿದರು. ಅದೇ ವರ್ಷ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದರು. ಗೂಟಗಳು ಮುರಿದವು, ಬೈಕುಗಳು ಒಳಗೆ ಬಂದವು. ನಡೆಯುವವರ, ಸೈಕಲ್ಲಿನವರ ಹಕ್ಕುಗಳಿಗೆಂದೇ ಒಂದು ಮಸೂದೆಯ ಕರಡನ್ನೂ ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿತ್ತು. ಇತ್ತ ಸ್ಯಾಂಕಿ ಕೆರೆಯ ಪಕ್ಕ ಮೇಲ್ಸೇತುವೆ ಬೇಡವೆಂದು 2023ರಲ್ಲಿ ಮಲ್ಲೇಶ್ವರ, ಸದಾಶಿವನಗರದ ಜನ ಬೀದಿಗಿಳಿಯಬೇಕಾಯಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ ಸಾವಿರಾರು ಕೋಟಿಯ ಲೆಕ್ಕ ಹಾಕುವ ಊರಿನಲ್ಲಿ, ಮಾರ್ಗೋಸಾ ರಸ್ತೆಯ ನಡುವೆ ಒಂದು ಕಟ್ಟೆಗೆ ದುಡ್ಡಿಲ್ಲವೆಂದು ನಾನು ನಂಬಲಾರೆ. ಕೇಳಿದವರಿಲ್ಲ ಎಂಬುದೇ ನಿಜವಿರಬೇಕು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ನಡೆದುಹೋಗುತ್ತಿದ್ದವರು ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ.

ಸ್ಕೂಟರನ್ನು ಏನು ಮಾಡುವುದು?

ಪೋರ್ಟ್‌ಲ್ಯಾಂಡಿನ ತಡೆಯನ್ನು ಹಾಗೆಯೇ ತಂದು ಇಲ್ಲಿಟ್ಟರೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಕಾರಣ ನಮ್ಮ ಜನರ ಶಿಸ್ತಿನಲ್ಲಿಲ್ಲ, ವಾಹನಗಳ ಅಗಲದಲ್ಲಿದೆ. ಅಲ್ಲಿ ಮೋಟಾರು ವಾಹನವೆಂದರೆ ಸಾಮಾನ್ಯವಾಗಿ ಕಾರು, ಇಲ್ಲವೇ ಅದಕ್ಕಿಂತ ದೊಡ್ಡದು. ಸೈಕಲ್ ಹೋಗಿ ಕಾರು ನಿಲ್ಲುವಷ್ಟು ತೆರಪು ಬಿಟ್ಟರೆ ಕೆಲಸ ಮುಗಿಯಿತು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳು. ಸೈಕಲ್ ತೂರುವ ಕಡೆ ಸ್ಕೂಟರೂ ತೂರುತ್ತದೆ. ತೆರಪನ್ನು ಇನ್ನೂ ಕಿರಿದು ಮಾಡಿ ಸೊಟ್ಟಸೊಟ್ಟಗೆ ಕಂಬಿ ನೆಟ್ಟರೆ, ಪಾರ್ಕಿನ ಗೇಟುಗಳಲ್ಲಿ ಆಗಿರುವಂತೆ, ವೀಲ್‌ಚೇರಿನವರೂ ಮಗುವಿನ ತಳ್ಳುಬಂಡಿಯವರೂ ಹೊರಗುಳಿಯುತ್ತಾರೆ; ಸ್ಕೂಟರಿನವನು ಹೇಗೋ ವಾಲಿಸಿ ನುಗ್ಗಿಸಿಕೊಳ್ಳುತ್ತಾನೆ. ಇನ್ನು ತರಕಾರಿಯ ತಳ್ಳುಗಾಡಿ. ಅದು ಬೀದಿಯಲ್ಲಿ ಕೆಲಸವಿರುವ ವಾಹನಗಳಲ್ಲೆಲ್ಲ ಮೊದಲನೆಯದು, ಅದನ್ನು ತಡೆಯುವ ಯಾವ ಏರ್ಪಾಡೂ ನನಗೆ ಬೇಡ. ಆದರೆ ತಳ್ಳುಗಾಡಿ ಹಾಯುವಷ್ಟು ತೆರಪಿನಲ್ಲಿ ಆಟೋ ಕೂಡ ಹಾಯುತ್ತದೆ.

ಇದನ್ನು ಎಷ್ಟೋ ದಿನ ತಲೆಯಲ್ಲಿ ಉರುಳಿಸಿ ನಾನು ಬಂದಿರುವ ತೀರ್ಮಾನ ಇಷ್ಟು: ಸ್ಕೂಟರನ್ನು ತಡೆಯುವ ಯೋಚನೆ ಬಿಡಬೇಕು, ಅದರ ವೇಗವನ್ನು ಹಿಡಿಯಬೇಕು. ಕಾರುಗಳನ್ನು ತಡೆಯಲು ಎರಡು ಬ್ಲಾಕಿನ ಒನ್‌ವೇಯನ್ನು ಎದುರುಬದುರಾಗಿ ಮಾಡಿದರೂ ಸಾಕು, ನೇರ ಹಾಯುವ ದಾರಿ ತಾನಾಗಿ ಮುರಿಯುತ್ತದೆ. ರಾಂಗ್ ಸೈಡಿನಲ್ಲಿ ಬರುವವರು ಬರುತ್ತಾರೆ, ಆದರೆ ಕಾರಿನವರಿಗೆ ನಕ್ಷೆ ಆ ದಾರಿಯನ್ನು ತೋರಿಸುವುದಿಲ್ಲ, ಅದೇ ಅರ್ಧ ಗೆಲುವು. ಉಳಿದ ಎರಡು ಚಕ್ರದವರಿಗೆ ಕೂಡುರಸ್ತೆಯಲ್ಲಿ ಇಡೀ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿ, ಹತ್ತುವ ಇಳಿಯುವ ಕಡೆ ಇಳಿಜಾರು ಮಾಡಬೇಕು. ನಡೆಯುವವರು ಇಳಿಯದೆ ದಾಟುತ್ತಾರೆ, ವಾಹನದವರು ಹತ್ತಿ ಇಳಿಯುತ್ತಾರೆ. ಇದು ನಮ್ಮಲ್ಲಿ ರಾತ್ರೋರಾತ್ರಿ ಸುರಿದುಹೋಗುವ, ಬೆನ್ನು ಮುರಿಯುವ ಡಾಂಬರಿನ ಹಂಪಿನ ಹಾಗಲ್ಲ. ಎತ್ತರ ಒಂದೇ ಸಮನಾಗಿರುತ್ತದೆ, ಬಣ್ಣ ಬಳಿದಿರುತ್ತದೆ. ನಡೆಯುವವರೂ ಸೈಕಲ್ಲಿನವರೂ ವಾಹನಗಳೊಡನೆ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮೀರಬಾರದೆಂದು ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ. ಆ ವೇಗದಲ್ಲಿ ಸ್ಕೂಟರು ಬಂದರೆ ನನ್ನದೇನೂ ತಕರಾರಿಲ್ಲ.

ಬೀದಿಯನ್ನು ಮುಚ್ಚುವುದು ನಮ್ಮ ಜನಕ್ಕೆ ಒಗ್ಗದ ಸಂಗತಿ ಎನ್ನುವವರಿಗೆ ಗಣೇಶನ ಹಬ್ಬವನ್ನು ನೆನಪಿಸುತ್ತೇನೆ. ಪ್ರತಿ ವರ್ಷ ಭಾದ್ರಪದದಲ್ಲಿ ಊರಿನ ಎಷ್ಟೋ ಕ್ರಾಸುಗಳಿಗೆ ಅಡ್ಡಲಾಗಿ ಪೆಂಡಾಲ್ ಏಳುತ್ತದೆ. ಮೂರು ದಿನ, ಐದು ದಿನ, ಕೆಲವು ಕಡೆ ಇನ್ನೂ ಹೆಚ್ಚು. ಮದುವೆಯ ಶಾಮಿಯಾನ, ರಾಜ್ಯೋತ್ಸವದ ವೇದಿಕೆ, ರಥೋತ್ಸವ, ಕಡಲೆಕಾಯಿ ಪರಿಷೆ ಇವೆಲ್ಲ ಬೇರೆ. ವಾಹನಗಳು ಗೊಣಗಿಕೊಂಡು ಸುತ್ತಿ ಹೋಗುತ್ತವೆ, ಊರು ನಿಲ್ಲುವುದಿಲ್ಲ. ಪೆಂಡಾಲಿನ ಹಿಂದಿನ ಬೀದಿಯಲ್ಲಿ ಆ ದಿನಗಳಲ್ಲಿ ಮಕ್ಕಳು ಕತ್ತಲಾಗುವವರೆಗೂ ಆಡುತ್ತಾರೆ, ಹೆಂಗಸರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನೆರೆಮನೆಯವರ ಹೆಸರು ನನಗೆ ಗೊತ್ತಾದದ್ದೇ ಅಂಥ ಒಂದು ಸಂಜೆ. ಪೋರ್ಟ್‌ಲ್ಯಾಂಡಿನವರು ಎಂಜಿನಿಯರುಗಳನ್ನು ಕೂರಿಸಿ ಮಾಡಿದ ಪ್ರಯೋಗವನ್ನು ನಾವು ಬಿದಿರಿನ ಗಳುಗಳಲ್ಲಿ ವರ್ಷಕ್ಕೊಮ್ಮೆ ಮಾಡುತ್ತೇವೆ, ಫಲಿತಾಂಶವನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಹೋದ ತಿಂಗಳು ಬೀದಿಯ ನಿವಾಸಿಗಳ ಸಭೆಯಲ್ಲಿ ಈ ವಿಷಯ ಎತ್ತಿದೆ. ಮೊದಲ ಆಕ್ಷೇಪ ಆಂಬುಲೆನ್ಸಿನದು. ಪೋರ್ಟ್‌ಲ್ಯಾಂಡಿನಲ್ಲೂ ಅಗ್ನಿಶಾಮಕದವರು ಇದೇ ಆಕ್ಷೇಪ ಎತ್ತಿದ್ದರು, ಅದಕ್ಕೆಂದೇ ಅವರ ಅಗಲದ ಚಕ್ರಗಳು ಹಾಯುವಂತೆ ನಡುವೆ ತೆರಪು ಬಿಟ್ಟ ಹಂಪುಗಳನ್ನು ಮಾಡಿದರು ಎಂದೆ. ಎರಡನೆಯದು ಪಾರ್ಕಿಂಗು. ಎರಡು ಕಾರಿರುವ ಒಬ್ಬರು, ಕಟ್ಟೆ ಚಾಚಿದರೆ ನನ್ನ ಎರಡನೇ ಗಾಡಿ ಎಲ್ಲಿ ನಿಲ್ಲಿಸಲಿ ಎಂದರು. ಅದಕ್ಕೆ ನನ್ನಲ್ಲಿ ಅವರಿಗೆ ಹಿಡಿಸುವ ಉತ್ತರವಿರಲಿಲ್ಲ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಇಷ್ಟು ಹೊತ್ತು ಸುಮ್ಮನಿದ್ದವರು, "ಕಾಂಕ್ರೀಟ್ ಯಾಕ್ರೀ ಈಗಲೇ? ಮರಳು ತುಂಬಿದ ಡ್ರಮ್ಮು ಇಟ್ಟು ಒಂದು ತಿಂಗಳು ನೋಡೋಣ. ಡ್ರಮ್ಮು ನಾನು ಕೊಡಿಸ್ತೀನಿ, ಪತ್ರ ನೀವು ಬರೀರಿ" ಎಂದರು. ಸಂಚಾರ ಪೊಲೀಸರಿಗೂ ಪಾಲಿಕೆಗೂ ಕೊಡಬೇಕಾದ ಆ ಪತ್ರದ ಕರಡು ಈಗ ನನ್ನ ಮೇಜಿನ ಮೇಲಿದೆ. ಕೇಳಿರುವುದು ಮೂರು: ಒಂದು ತಿಂಗಳ ಮಟ್ಟಿಗೆ ನಮ್ಮ ಬೀದಿಯ ಎರಡು ಬ್ಲಾಕಿಗೆ ಎದುರುಬದುರಾದ ಒನ್‌ವೇ, ಕೂಡುರಸ್ತೆಯಲ್ಲಿ ಡ್ರಮ್ಮುಗಳು, ಮತ್ತು ಮಾರ್ಗೋಸಾ ರಸ್ತೆ ದಾಟುವಲ್ಲಿ ನಡುಗಟ್ಟೆ. ಮೂರನೆಯದನ್ನು ಮೊದಲು ಬರೆಯೋಣ, ಅದು ಸಿಗದಿದ್ದರೆ ಮೊದಲಿನ ಎರಡನ್ನೂ ಕೈಬಿಡಬಹುದು ಎಂಬುದು ನನ್ನ ವಾದ. ಹಿರಿಯರು ಒಪ್ಪಿಲ್ಲ. ಮುಖ್ಯರಸ್ತೆಯ ಹೆಸರು ಮೊದಲಿಗೇ ಕಂಡರೆ ಕಡತ ಮೇಲಿನ ಕಚೇರಿಗೆ ಹೋಗುತ್ತದೆ, ಹೋದರೆ ಬರುವುದಿಲ್ಲ ಎನ್ನುತ್ತಾರೆ. ಶನಿವಾರ ಮತ್ತೆ ಕೂರುತ್ತಿದ್ದೇವೆ.